375 ಮತಗಳಲ್ಲಿ ಕೊನೆಗೊಂಡ ಗುಲಾಮಗಿರಿ: 1864ರ ಮೇರಿಲ್ಯಾಂಡ್ ಫಲಿತಾಂಶವನ್ನು ಓದುವ ಬಗೆ

ಮತ ಎಣಿಕೆಯ ದಿನ ನಮ್ಮಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತಗಳನ್ನು. ಗಡಿ ಕಾಯುವ ಯೋಧರು ಕಳುಹಿಸಿದ ಮತಗಳೂ ಅದರಲ್ಲಿ ಸೇರಿರುತ್ತವೆ. ಟಿವಿಯ ಪರದೆಯಲ್ಲಿ ಹಾದುಹೋಗುವ ಆ ಅಂಕಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಮೆರಿಕದ ಸ್ಥಿತಿ ಬೇರೆ. ಅಲ್ಲಿ ಇತ್ತೀಚಿನ ಚುನಾವಣೆಗಳಲ್ಲಿ ದೂರದಿಂದ ಬರುವ ಮತಗಳದ್ದೇ ದೊಡ್ಡ ವಿವಾದ: ಯಾವಾಗ ಎಣಿಸಬೇಕು, ಯಾರದ್ದನ್ನು ಎಣಿಸಬೇಕು, ರಾತ್ರಿ ಮುಂದಿದ್ದವರು ಕೆಲವು ದಿನಗಳ ಮೇಲೆ ಹಿಂದೆ ಬಿದ್ದರೆ ಅದನ್ನು ನಂಬುವುದು ಹೇಗೆ?

ಈ ಪ್ರಶ್ನೆಗಳು ಹುಟ್ಟಿದ್ದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಲಕ್ಷಾಂತರ ಮತದಾರರು ಮನೆ ಬಿಟ್ಟು ಸೈನಿಕ ಶಿಬಿರಗಳಲ್ಲಿದ್ದರು. ಯುದ್ಧ ನಡೆಯುತ್ತಿದ್ದರೂ ಚುನಾವಣೆಗಳು ನಿಲ್ಲಲಿಲ್ಲ. ಆ ಕಾಲದ ಫಲಿತಾಂಶಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಮೇರಿಲ್ಯಾಂಡ್ ರಾಜ್ಯದ್ದು. 1864ರ ಅಕ್ಟೋಬರ್‌ನಲ್ಲಿ ಅಲ್ಲಿನ ಮತದಾರರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು: ಹೊಸ ಸಂವಿಧಾನ ಬೇಕೋ ಬೇಡವೋ? ಬೇಕೆಂದರೆ ರಾಜ್ಯದಲ್ಲಿ ಗುಲಾಮಗಿರಿ ಕೊನೆಯಾಗುತ್ತದೆ, ಬೇಡವೆಂದರೆ ಮುಂದುವರಿಯುತ್ತದೆ. ಸುಮಾರು 60,000 ಮತಗಳು ಬಿದ್ದವು. ಗೆಲುವಿನ ಅಂತರ 375.

ಮೇರಿಲ್ಯಾಂಡ್ ಯಾರ ಕಡೆಗಿತ್ತು?

ಅಂತರ್ಯುದ್ಧವೆಂದರೆ ಗುಲಾಮಗಿರಿ ಇದ್ದ ದಕ್ಷಿಣಕ್ಕೂ ಅದಿಲ್ಲದ ಉತ್ತರಕ್ಕೂ ನಡೆದ ಹೋರಾಟ ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಸ್ಥೂಲವಾಗಿ ಅದು ಸರಿ. ಆದರೆ ನಡುವೆ ಕೆಲವು ರಾಜ್ಯಗಳಿದ್ದವು. ಅಲ್ಲಿ ಗುಲಾಮಗಿರಿ ಇತ್ತು, ಆದರೂ ಅವು ದೇಶದಿಂದ ಬೇರೆಯಾಗಲಿಲ್ಲ. ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೌರಿ ಎಂಬ ಈ ರಾಜ್ಯಗಳನ್ನು ಗಡಿ ರಾಜ್ಯಗಳೆಂದು ಕರೆಯುತ್ತಾರೆ.

ಇವುಗಳಲ್ಲಿ ಮೇರಿಲ್ಯಾಂಡ್‌ನ ಸ್ಥಾನ ತೀರಾ ಸೂಕ್ಷ್ಮವಾದದ್ದು. ರಾಜಧಾನಿ ವಾಷಿಂಗ್ಟನ್‌ನ ಮೂರು ಬದಿಗಳಲ್ಲಿ ಇರುವುದು ಇದೇ ರಾಜ್ಯ; ನಾಲ್ಕನೆಯ ಬದಿಯಲ್ಲಿ, ಪೊಟೊಮ್ಯಾಕ್ ನದಿಯಾಚೆ, ಬಂಡೆದ್ದ ವರ್ಜೀನಿಯಾ. ಮೇರಿಲ್ಯಾಂಡ್ ಕೈತಪ್ಪಿದರೆ ರಾಜಧಾನಿಯೇ ಶತ್ರುವಿನ ನಡುವೆ ಸಿಕ್ಕಿಬೀಳುತ್ತಿತ್ತು. ಇಂದು ವಾಷಿಂಗ್ಟನ್‌ನಲ್ಲಿ ಕೆಲಸ ಮಾಡುವ ಅನೇಕ ಕನ್ನಡ ಕುಟುಂಬಗಳು ವಾಸಿಸುವುದು ಇದೇ ಮೇರಿಲ್ಯಾಂಡ್‌ನ ಉಪನಗರಗಳಲ್ಲಿ. ನಕ್ಷೆ ನೋಡಿದವರಿಗೆ ಈ ಆತಂಕ ತಕ್ಷಣ ಅರ್ಥವಾಗುತ್ತದೆ.

ರಾಜ್ಯದ ಮನಸ್ಸು ಎರಡಾಗಿತ್ತು. 1861ರ ಏಪ್ರಿಲ್ 19ರಂದು ಬಾಲ್ಟಿಮೋರ್ ನಗರದ ಮೂಲಕ ವಾಷಿಂಗ್ಟನ್‌ಗೆ ಹೊರಟಿದ್ದ ಮ್ಯಾಸಚೂಸೆಟ್ಸ್‌ನ ಸೈನಿಕರ ಮೇಲೆ ಜನರ ಗುಂಪು ದಾಳಿ ಮಾಡಿತು. ನಾಲ್ವರು ಸೈನಿಕರೂ ಹನ್ನೆರಡು ನಾಗರಿಕರೂ ಸತ್ತರು. ಲಿಂಕನ್ ಸರ್ಕಾರ ರಾಜ್ಯದ ಕೆಲವು ಶಾಸಕರನ್ನು ಬಂಧಿಸಿತು. ಮೇರಿಲ್ಯಾಂಡ್‌ನ ಗಂಡಸರು ಎರಡೂ ಸೈನ್ಯಗಳಿಗೆ ಸೇರಿದರು. ಅದಕ್ಕೂ ಮುಂಚೆ, 1860ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಇಲ್ಲಿ ಚಲಾವಣೆಯಾದ ಸುಮಾರು 92,500 ಮತಗಳಲ್ಲಿ ಲಿಂಕನ್‌ಗೆ ಬಿದ್ದದ್ದು ಬರೀ 2,294.

ಗುಲಾಮಗಿರಿಯ ಹಿಡಿತವೂ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ದಕ್ಷಿಣದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ತಂಬಾಕಿನ ತೋಟಗಳಿದ್ದವು, ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಉತ್ತರ ಮತ್ತು ಪಶ್ಚಿಮದಲ್ಲಿ ಗೋಧಿ ಬೆಳೆಯುವ ಸಣ್ಣ ಒಕ್ಕಲುತನ. ಬಾಲ್ಟಿಮೋರ್ ಕಾರ್ಖಾನೆ, ಬಂದರುಗಳ ನಗರ. 1860ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 87,189 ಮಂದಿ ಗುಲಾಮರಿದ್ದರು, 83,942 ಮಂದಿ ಸ್ವತಂತ್ರ ಕಪ್ಪು ಜನರಿದ್ದರು. ಇಬ್ಬರನ್ನೂ ಸೇರಿಸಿದರೆ ರಾಜ್ಯದ ಜನಸಂಖ್ಯೆಯ ನಾಲ್ಕನೆಯ ಒಂದು ಭಾಗ.

ಲಿಂಕನ್ ಆಗಲೇ ಗುಲಾಮರನ್ನು ಬಿಡುಗಡೆ ಮಾಡಿದ್ದರಲ್ಲವೇ?

ಮೇರಿಲ್ಯಾಂಡ್‌ನವರನ್ನು ಮಾಡಿರಲಿಲ್ಲ. 1863ರ ಜನವರಿ 1ರ ವಿಮೋಚನಾ ಘೋಷಣೆಯನ್ನು ಲಿಂಕನ್ ಹೊರಡಿಸಿದ್ದು ಸೇನೆಯ ಮಹಾದಂಡನಾಯಕರಾಗಿ, ಯುದ್ಧದ ಕ್ರಮವಾಗಿ. ಹಾಗಾಗಿ ಅದು ಅನ್ವಯಿಸಿದ್ದು ಬಂಡೆದ್ದ ಪ್ರದೇಶಗಳಿಗೆ ಮಾತ್ರ. ಸರ್ಕಾರಕ್ಕೆ ನಿಷ್ಠವಾಗಿದ್ದ ರಾಜ್ಯದಲ್ಲಿ ಜನರ ‘ಆಸ್ತಿ’ಯನ್ನು ಯುದ್ಧಾಧಿಕಾರದಿಂದ ಮುಟ್ಟುವಂತಿರಲಿಲ್ಲ. ಮನುಷ್ಯರನ್ನು ಆಸ್ತಿ ಎಂದು ಬರೆಯಬೇಕಾದ ಸಂಕಟ ಈ ವಿಷಯದ ಉದ್ದಕ್ಕೂ ಇದೆ, ಏಕೆಂದರೆ ಆಗಿನ ಕಾನೂನು ಅವರನ್ನು ಹಾಗೆಯೇ ನೋಡಿತ್ತು.

ವಾಷಿಂಗ್ಟನ್ ನಗರದಲ್ಲಿ ಮಾತ್ರ 1862ರ ಏಪ್ರಿಲ್‌ನಲ್ಲೇ ಗುಲಾಮಗಿರಿ ರದ್ದಾಗಿತ್ತು. ಅದರಿಂದಾಗಿ ಸುತ್ತಲಿನ ಮೇರಿಲ್ಯಾಂಡ್‌ನ ತೋಟಗಳಿಂದ ರಾತ್ರೋರಾತ್ರಿ ತಪ್ಪಿಸಿಕೊಂಡು ರಾಜಧಾನಿ ಸೇರುವವರು ಹೆಚ್ಚಿದರು. 1863ರ ಕೊನೆಯ ಭಾಗದಿಂದ ಇಲ್ಲಿನ ಗುಲಾಮರು ಒಕ್ಕೂಟದ (ಲಿಂಕನ್ ಸರ್ಕಾರದ, ಅಂದರೆ ಉತ್ತರದ ಕಡೆಯ) ಸೇನೆಗೆ ಸೇರಿ ಸ್ವಾತಂತ್ರ್ಯ ಪಡೆಯುವ ದಾರಿಯೂ ತೆರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಮೇರಿಲ್ಯಾಂಡ್‌ನಿಂದ 8,718 ಕಪ್ಪು ಸೈನಿಕರು ಆ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. ಕಾನೂನಿನ ಪುಸ್ತಕದಲ್ಲಿ ಉಳಿದಿದ್ದ ಗುಲಾಮಗಿರಿ ನೆಲದ ಮೇಲೆ ಸಡಿಲವಾಗುತ್ತಿತ್ತು. ಪುಸ್ತಕದಿಂದಲೂ ಅದನ್ನು ತೆಗೆದುಹಾಕುವುದು ಉಳಿದಿತ್ತು.

ಶಾಸನಸಭೆ ಸಾಲದೇ? ಸಂವಿಧಾನವೇ ಏಕೆ ಬೇಕಾಯಿತು?

ಇಲ್ಲಿ ಅಮೆರಿಕದ ವ್ಯವಸ್ಥೆಯ ಒಂದು ಅಂಶವನ್ನು ತಿಳಿದಿರಬೇಕು. ಭಾರತದಲ್ಲಿ ಇಡೀ ದೇಶಕ್ಕೆ ಒಂದು ಸಂವಿಧಾನ. ಅಮೆರಿಕದಲ್ಲಿ ರಾಷ್ಟ್ರದ ಸಂವಿಧಾನದ ಜೊತೆಗೆ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಮೇರಿಲ್ಯಾಂಡ್‌ನ 1851ರ ಸಂವಿಧಾನ, ಯಜಮಾನ ಮತ್ತು ಗುಲಾಮರ ಸಂಬಂಧವನ್ನು ರದ್ದು ಮಾಡುವ ಕಾನೂನನ್ನು ಶಾಸನಸಭೆ ಮಾಡಲೇಬಾರದು ಎಂದು ಸ್ಪಷ್ಟವಾಗಿ ನಿಷೇಧಿಸಿತ್ತು. ಜೊತೆಗೆ ಅದು ಜನಸಂಖ್ಯೆ ಕಡಿಮೆ ಇದ್ದ, ಗುಲಾಮರ ಒಡೆಯರೇ ಪ್ರಬಲರಾಗಿದ್ದ ಕೌಂಟಿಗಳಿಗೆ ಶಾಸನಸಭೆಯಲ್ಲಿ ಅವರ ಸಂಖ್ಯೆಗಿಂತ ಹೆಚ್ಚು ಸ್ಥಾನ ಕೊಟ್ಟಿತ್ತು. ಹಾಗಾಗಿ ಗುಲಾಮಗಿರಿಯನ್ನು ತೆಗೆಯಬೇಕಾದರೆ ಸಂವಿಧಾನವನ್ನೇ ತೆಗೆಯಬೇಕಿತ್ತು.

1863ರ ನವೆಂಬರ್ ಚುನಾವಣೆಯಲ್ಲಿ, ಯಾವ ಷರತ್ತೂ ಇಲ್ಲದೆ ಒಕ್ಕೂಟವನ್ನು ಬೆಂಬಲಿಸಬೇಕು, ಗುಲಾಮಗಿರಿ ಕೊನೆಯಾಗಬೇಕು ಎನ್ನುವ ಗುಂಪು ಗೆದ್ದಿತು. ಇದರ ಮುಂಚೂಣಿಯಲ್ಲಿದ್ದವರು ಹೆನ್ರಿ ವಿಂಟರ್ ಡೇವಿಸ್. 1864ರ ಏಪ್ರಿಲ್‌ನಲ್ಲಿ ಜನರು ಸಂವಿಧಾನ ರಚನಾ ಸಭೆಗೆ ಒಪ್ಪಿಗೆ ಕೊಟ್ಟು 96 ಪ್ರತಿನಿಧಿಗಳನ್ನು ಆರಿಸಿದರು. ಅವರಲ್ಲಿ 61 ಮಂದಿ ಯೂನಿಯನ್ (ಒಕ್ಕೂಟದ ಪರವಾದ) ಪಕ್ಷದವರು, 35 ಮಂದಿ ಡೆಮಾಕ್ರಟಿಕ್ ಪಕ್ಷದವರು. ಸಭೆ ಏಪ್ರಿಲ್ 27ರಂದು ಅನ್ನಾಪೊಲಿಸ್‌ನಲ್ಲಿ ಸೇರಿ ಸೆಪ್ಟೆಂಬರ್ 6ರವರೆಗೆ ನಡೆಯಿತು. ಗುಲಾಮಗಿರಿಯ ಪರವಾಗಿ ಮಾತನಾಡಿದವರೂ ವಿರುದ್ಧ ಮಾತನಾಡಿದವರೂ ಬೈಬಲ್ಲನ್ನೇ ಉದ್ಧರಿಸಿದರು.

ಯುದ್ಧ ಆ ಸಭೆಯ ಬಾಗಿಲಿಗೇ ಬಂದಿತ್ತು ಎನ್ನಬಹುದು. ಜುಲೈನಲ್ಲಿ ದಕ್ಷಿಣದ ಸೇನಾನಿ ಜೂಬಲ್ ಅರ್ಲಿ ಮೇರಿಲ್ಯಾಂಡ್‌ಗೆ ನುಗ್ಗಿದರು. ಜುಲೈ 9ರಂದು ಮೊನಾಕಸಿ ನದಿಯ ಬಳಿ ಕದನವಾಯಿತು. ಎರಡು ದಿನಗಳ ನಂತರ ದಾಳಿಕೋರರು ಬಾಲ್ಟಿಮೋರ್ ಹೊರವಲಯದಲ್ಲಿದ್ದ ಗವರ್ನರ್ ಆಗಸ್ಟಸ್ ಬ್ರಾಡ್‌ಫರ್ಡ್ ಅವರ ಮನೆಯನ್ನು ಸುಟ್ಟುಹಾಕಿದರು. ಮುಂದೆ ಫಲಿತಾಂಶವನ್ನು ಘೋಷಿಸಬೇಕಾಗಿದ್ದವರು ಇವರೇ.

ಕೊನೆಗೆ ಸಿದ್ಧವಾದ ಕರಡಿನಲ್ಲಿ ಇಷ್ಟಿತ್ತು: ಗುಲಾಮಗಿರಿ ತಕ್ಷಣ ರದ್ದು, ಒಡೆಯರಿಗೆ ಪರಿಹಾರವಿಲ್ಲ, ಬಿಳಿಯರ ಜನಸಂಖ್ಯೆಗೆ ತಕ್ಕಂತೆ ಶಾಸನಸಭೆಯ ಸ್ಥಾನಗಳು, ರಾಜ್ಯಕ್ಕೆಲ್ಲ ಒಂದೇ ಸಾರ್ವಜನಿಕ ಶಾಲಾ ವ್ಯವಸ್ಥೆ, ಬಂಡಾಯವನ್ನು ಬೆಂಬಲಿಸಿದವರಿಗೆ ಮತವಿಲ್ಲ, ಸೈನಿಕರಿಗೆ ಅವರಿರುವಲ್ಲೇ ಮತ.

ಶಿಬಿರಕ್ಕೆ ಹೋದ ಮತಪೆಟ್ಟಿಗೆ

ಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಬಹುತೇಕ ಎಲ್ಲೆಡೆ ನಿಯಮ ಒಂದೇ ಆಗಿತ್ತು: ಮತದಾರ ತನ್ನೂರಿನ ಮತಗಟ್ಟೆಗೆ ತಾನೇ ಬರಬೇಕು. ಸಾವಿರಾರು ಮಂದಿ ಒಮ್ಮೆಲೇ ಊರು ಬಿಟ್ಟು ಹೋದಾಗ ಈ ನಿಯಮ ಮುರಿಯಿತು. ದೇಶಕ್ಕಾಗಿ ಪ್ರಾಣ ಕೊಡಲು ಹೋದವನಿಗೇ ಮತವಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಚುನಾವಣೆಯ ನಿಯಮಗಳನ್ನು ಮಾಡುವುದು ರಾಜ್ಯಗಳಾದ್ದರಿಂದ ಉತ್ತರವೂ ರಾಜ್ಯಕ್ಕೊಂದು ಬಗೆ ಬಂತು.

ಒಹಾಯೋದಂಥ ಕೆಲವು ರಾಜ್ಯಗಳು ಶಿಬಿರದಲ್ಲೇ ಮತಗಟ್ಟೆ ತೆರೆದವು. ನ್ಯೂಯಾರ್ಕ್‌ನಲ್ಲಿ ಸೈನಿಕ ತನ್ನ ಮತಪತ್ರವನ್ನು ಲಕೋಟೆಯಲ್ಲಿ ಮುಚ್ಚಿ ಊರಿನ ನಂಬಿಗಸ್ತರಿಗೆ ಕಳುಹಿಸುತ್ತಿದ್ದ, ಅವರು ಅವನ ಪರವಾಗಿ ಹಾಕುತ್ತಿದ್ದರು. ಇಂಡಿಯಾನಾ ಏನನ್ನೂ ಮಾಡಲಿಲ್ಲ. ಅಲ್ಲಿನ ಸೈನಿಕರನ್ನು ಮತದಾನಕ್ಕಾಗಿ ರಜೆಯ ಮೇಲೆ ಮನೆಗೆ ಬಿಡಲು ಸಾಧ್ಯವೇ ಎಂದು ಲಿಂಕನ್ 1864ರ ಸೆಪ್ಟೆಂಬರ್‌ನಲ್ಲಿ ಸೇನಾನಿ ಷರ್ಮನ್‌ಗೆ ಪತ್ರ ಬರೆಯಬೇಕಾಯಿತು. ಪೆನ್ಸಿಲ್ವೇನಿಯಾದಲ್ಲಿ ಸೈನಿಕರ ಮತದ ಹಳೆಯ ಕಾನೂನನ್ನು ನ್ಯಾಯಾಲಯ 1862ರಲ್ಲಿ ತಳ್ಳಿಹಾಕಿತು, ಎರಡು ವರ್ಷಗಳ ಮೇಲೆ ಸಂವಿಧಾನವನ್ನು ತಿದ್ದಿ ಅದನ್ನು ಮರಳಿ ತಂದರು.

ಸೈನಿಕರು ಯಾವ ಕಡೆ ವಾಲುತ್ತಾರೆ ಎಂಬುದು 1863ರ ಒಹಾಯೋ ಗವರ್ನರ್ ಚುನಾವಣೆಯಲ್ಲೇ ಕಂಡಿತ್ತು. ಯುದ್ಧವನ್ನು ವಿರೋಧಿಸಿ ಗಡೀಪಾರಾಗಿದ್ದ ಕ್ಲೆಮೆಂಟ್ ವಲಾಂಡಿಗಮ್ ಕೆನಡಾದಲ್ಲಿ ಕುಳಿತೇ ಸ್ಪರ್ಧಿಸಿದರು. ಸೈನಿಕರಲ್ಲಿ 41,000ಕ್ಕೂ ಹೆಚ್ಚು ಮಂದಿ ಅವರ ಎದುರಾಳಿ ಜಾನ್ ಬ್ರೋ ಅವರಿಗೆ ಮತ ಹಾಕಿದರು. ವಲಾಂಡಿಗಮ್‌ಗೆ ಸಿಕ್ಕಿದ್ದು ಎರಡು ಸಾವಿರದ ಚಿಲ್ಲರೆ. ಅಲ್ಲಿ ಗೆಲುವಿನ ಅಂತರ ಲಕ್ಷದಷ್ಟಿದ್ದುದರಿಂದ ಸೈನಿಕರ ಮತವಿಲ್ಲದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಮೇರಿಲ್ಯಾಂಡ್‌ನಲ್ಲಿ ಹಾಗಾಗಲಿಲ್ಲ.

ಅಂಕಿಗಳು ಹೇಳುವುದೇನು?

ಮತದಾನ ನಡೆದದ್ದು 1864ರ ಅಕ್ಟೋಬರ್ 12 ಮತ್ತು 13ರಂದು. ಎರಡು ದಿನ ಮುಂಚೆ ಲಿಂಕನ್ ಬಾಲ್ಟಿಮೋರ್‌ನ ಹೆನ್ರಿ ಹಾಫ್‌ಮನ್ ಅವರಿಗೆ ಪತ್ರ ಬರೆದು, ಎಲ್ಲ ಮನುಷ್ಯರೂ ಸ್ವತಂತ್ರರಾಗಬೇಕೆಂಬುದು ತಮ್ಮ ಬಯಕೆ ಎಂದು ತಿಳಿಸಿ ಹೊಸ ಸಂವಿಧಾನವನ್ನು ಬೆಂಬಲಿಸಿದ್ದರು. ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಹುಟ್ಟಿದ್ದು ಇದೇ ರಾಜ್ಯದಲ್ಲಿ. ಅವರು ತೀರಿಕೊಂಡದ್ದು ಮತದಾನದ ಮೊದಲ ದಿನವೇ.

ಊರುಗಳ ಮತಗಟ್ಟೆಗಳಿಂದ ಬಂದ ಲೆಕ್ಕದಲ್ಲಿ ಸಂವಿಧಾನ ಸೋತಿತ್ತು. ಪರವಾಗಿ 27,541, ವಿರುದ್ಧವಾಗಿ 29,536. ಅಂದರೆ 1,995 ಮತಗಳ ಸೋಲು. ಬಾಲ್ಟಿಮೋರ್ ನಗರ ಭಾರೀ ಬಹುಮತದಿಂದ ಒಪ್ಪಿತ್ತು. ದಕ್ಷಿಣದ ತಂಬಾಕಿನ ಕೌಂಟಿಗಳು ಅಷ್ಟೇ ಬಲವಾಗಿ ತಿರಸ್ಕರಿಸಿದ್ದವು.

ಆಮೇಲೆ ಸೈನಿಕರ ಮತಗಳು ಬರತೊಡಗಿದವು. ವರ್ಜೀನಿಯಾದ ಪೀಟರ್ಸ್‌ಬರ್ಗ್ ಸುತ್ತಲಿನ ಕಂದಕಗಳಲ್ಲಿದ್ದ ಪಡೆಗಳೂ ಸೇರಿದಂತೆ ಬೇರೆ ಬೇರೆ ಕಡೆ ಹರಡಿದ್ದ ಮೇರಿಲ್ಯಾಂಡ್‌ನ ಸೈನಿಕರಲ್ಲಿ 2,633 ಮಂದಿ ಪರವಾಗಿ, 263 ಮಂದಿ ವಿರುದ್ಧವಾಗಿ ಮತ ಹಾಕಿದ್ದರು. ಪ್ರತಿ ಹನ್ನೊಂದು ಸೈನಿಕರಲ್ಲಿ ಹತ್ತು ಮಂದಿ ಪರ. ಅವರು ಕೊಟ್ಟ 2,370ರ ಮುನ್ನಡೆ ಊರಿನ 1,995ರ ಹಿನ್ನಡೆಯನ್ನು ತುಂಬಿ 375 ಉಳಿಸಿತು. ಒಟ್ಟು ಲೆಕ್ಕ: ಪರ 30,174, ವಿರುದ್ಧ 29,799. ಇನ್ನು 188 ಮಂದಿ ಮನಸ್ಸು ಬದಲಿಸಿದ್ದರೆ ಸಂವಿಧಾನ ಬಿದ್ದುಹೋಗುತ್ತಿತ್ತು.

ಗವರ್ನರ್ ಬ್ರಾಡ್‌ಫರ್ಡ್ ಅಕ್ಟೋಬರ್ 29ರಂದು ಫಲಿತಾಂಶವನ್ನು ಘೋಷಿಸಿದರು. ನವೆಂಬರ್ 1ರಂದು ಹೊಸ ಸಂವಿಧಾನ ಜಾರಿಗೆ ಬಂದು ಮೇರಿಲ್ಯಾಂಡ್‌ನ ಗುಲಾಮರು ಕಾನೂನಿನ ಪ್ರಕಾರ ಸ್ವತಂತ್ರರಾದರು.

ಆ ಮತಗಳನ್ನು ಎಣಿಸಿದ್ದು ಸರಿಯೇ?

ವಿರೋಧಿಗಳ ಆಕ್ಷೇಪಕ್ಕೆ ತೂಕವಿತ್ತು. ಹಳೆಯ ಸಂವಿಧಾನದ ಪ್ರಕಾರ ಮತದಾರ ತಾನು ವಾಸಿಸುವ ಕ್ಷೇತ್ರದಲ್ಲೇ ಮತ ಹಾಕಬೇಕು. ಸೈನಿಕರಿಗೆ ಹೊರಗಿನಿಂದ ಮತ ಹಾಕುವ ಅವಕಾಶ ಕೊಟ್ಟದ್ದು ಹೊಸ ಸಂವಿಧಾನ, ಮತ್ತು ಅದು ಇನ್ನೂ ಜಾರಿಗೇ ಬಂದಿರಲಿಲ್ಲ. ಇದನ್ನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಲಿಸಿ ನೋಡಿ. ಊರಲ್ಲಿರುವ ಸದಸ್ಯರಿಗೆ ಮಾತ್ರ ಮತ ಎಂಬುದು ಹಳೆಯ ಬೈಲಾ. ಹೊರಗೆ ನೆಲೆಸಿರುವ ಸದಸ್ಯರಿಗೂ ಮತ ಕೊಡುವ ಹೊಸ ಬೈಲಾವನ್ನು ಸಭೆಯ ಮುಂದಿಡುತ್ತಾರೆ. ಆ ಬೈಲಾ ಬೇಕೇ ಎಂದು ಮತಕ್ಕೆ ಹಾಕುವಾಗಲೇ ಹೊರಗಿನವರ ಮತಗಳನ್ನೂ ಎಣಿಸುತ್ತಾರೆ, ಅವರ ಮತದಿಂದಲೇ ಬೈಲಾ ಪಾಸಾಗುತ್ತದೆ. ಇದು ಸರಿಯೇ ಎಂದು ಊರಿನ ಅರ್ಧದಷ್ಟು ಸದಸ್ಯರು ಎದ್ದು ನಿಂತು ಕೇಳುವುದು ಸಹಜ.

ಪರವಾಗಿದ್ದವರ ಉತ್ತರ ಹೀಗಿತ್ತು: ರಚನಾ ಸಭೆಯನ್ನು ಕರೆದದ್ದು ಜನರೇ. ಸಂವಿಧಾನವನ್ನು ಜನರ ಮುಂದೆ ಯಾವ ರೀತಿಯಲ್ಲಿ ಇಡಬೇಕು ಎಂದು ತೀರ್ಮಾನಿಸುವ ಅಧಿಕಾರ ಆ ಸಭೆಗಿತ್ತು. ಹಾಗಾಗಿ ಸೈನಿಕರ ಮತ ಬಂದದ್ದು ಸಭೆಯ ಅಧಿಕಾರದಿಂದ. ವಿರೋಧಿಗಳು ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮೊರೆ ಹೋದರು. ಗವರ್ನರ್ ಯಾವ ಮತ ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ತಾನು ಆಜ್ಞೆ ಮಾಡುವುದಿಲ್ಲ ಎಂದ ನ್ಯಾಯಾಲಯ ಮಧ್ಯೆ ಬರಲಿಲ್ಲ. ತೀರ್ಮಾನ ಬ್ರಾಡ್‌ಫರ್ಡ್ ಅವರ ಕೈಯಲ್ಲೇ ಉಳಿಯಿತು.

ಎರಡನೆಯ ಆಕ್ಷೇಪ ನಿಷ್ಠೆಯ ಪ್ರಮಾಣವಚನದ್ದು. ಮತ ಹಾಕುವ ಮುನ್ನ, ಬಂಡಾಯಕ್ಕೆ ಬೆಂಬಲ ಕೊಟ್ಟವನಲ್ಲ ಎಂದು ಮತದಾರ ಪ್ರಮಾಣ ಮಾಡಬೇಕಿತ್ತು. ಇದರಿಂದ ಅನೇಕರು ಮತಗಟ್ಟೆಯಿಂದ ದೂರ ಉಳಿದರು. 1860ರಲ್ಲಿ 92,500 ಮತ ಬಿದ್ದ ರಾಜ್ಯದಲ್ಲಿ ಈಗ 60,000ಕ್ಕೂ ಕಡಿಮೆ ಬಿದ್ದದ್ದಕ್ಕೆ ಯುದ್ಧವೊಂದೇ ಕಾರಣವಲ್ಲ, ಈ ಪ್ರಮಾಣವಚನವೂ ಕಾರಣ. ದೇಶದ ವಿರುದ್ಧ ಶಸ್ತ್ರ ಹಿಡಿದವರಿಗೆ ನೆರವಾದವರು ದೇಶದ ಮತಪೆಟ್ಟಿಗೆಯನ್ನು ಮುಟ್ಟಬಾರದು ಎಂಬುದು ಸಭೆಯ ನಿಲುವಾಗಿತ್ತು.

ಗುಟ್ಟಿನ ಮತದಾನ ಆಗ ಇರಲೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಮತಪತ್ರವನ್ನು ಸರ್ಕಾರ ಮುದ್ರಿಸುತ್ತಿರಲಿಲ್ಲ. ಪಕ್ಷಗಳೇ ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದವು, ಮತದಾರ ಎಲ್ಲರೆದುರು ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಶಿಬಿರದಲ್ಲಿ ಮತದಾನ ನಡೆದದ್ದು ಸೇನಾಧಿಕಾರಿಗಳ ಉಸ್ತುವಾರಿಯಲ್ಲಿ. ಮೇಲಧಿಕಾರಿಯ ಕಣ್ಣೆದುರು ಹಾಕಿದ ಮತ ಎಷ್ಟು ಮುಕ್ತ ಎಂಬ ಅನುಮಾನ ಅಂದೂ ಇತ್ತು. ಆದರೆ ಅದೇ ಅನುಮಾನ ತೋಟದ ಒಡೆಯನ ಕಣ್ಣೆದುರು ಮತ ಹಾಕುತ್ತಿದ್ದ ಹಳ್ಳಿಯ ಬಡ ಬಿಳಿಯನಿಗೂ ಅನ್ವಯಿಸುತ್ತದೆ. ಅಮೆರಿಕದಲ್ಲಿ ಸರ್ಕಾರವೇ ಮತಪತ್ರ ಮುದ್ರಿಸಿ ಗುಟ್ಟಾಗಿ ಮತ ಹಾಕಿಸುವ ಪದ್ಧತಿ ಶುರುವಾದದ್ದು 1888ರಲ್ಲಿ.

ಲೆಕ್ಕಕ್ಕೇ ಬಾರದವರು

375ರ ಅಂತರದ ಬಗ್ಗೆ ಅಂದು ನಡೆದ ವಾದವೆಲ್ಲ ಬಿಳಿಯ ಗಂಡಸರ ಮತಗಳ ಬಗ್ಗೆ. ಮತದ ಹಕ್ಕು ಇದ್ದದ್ದು 21 ವರ್ಷ ದಾಟಿದ ಬಿಳಿಯ ಗಂಡಸರಿಗೆ ಮಾತ್ರ. ಯಾರ ಬಿಡುಗಡೆಯನ್ನು ಮತಕ್ಕೆ ಹಾಕಲಾಗಿತ್ತೋ ಅವರಿಗೆ ಮತವಿರಲಿಲ್ಲ. ಸ್ವತಂತ್ರ ಕಪ್ಪು ಗಂಡಸರಿಗೂ, ಯಾವ ಹೆಂಗಸಿಗೂ ಇರಲಿಲ್ಲ. ಒಕ್ಕೂಟದ ಸಮವಸ್ತ್ರ ತೊಟ್ಟಿದ್ದ ಮೇರಿಲ್ಯಾಂಡ್‌ನ ಕಪ್ಪು ಸೈನಿಕರು ಶಿಬಿರದ ಮತಪೆಟ್ಟಿಗೆಯ ಹತ್ತಿರ ಸುಳಿಯುವಂತಿರಲಿಲ್ಲ. ಅವರಲ್ಲಿ ಎಷ್ಟೋ ಜನರ ಹೆಂಡತಿ ಮಕ್ಕಳು ಆಗ ತೋಟಗಳಲ್ಲಿ ಗುಲಾಮರಾಗಿಯೇ ಇದ್ದರು. ಅವರ ಮತಗಳೂ ಇದ್ದಿದ್ದರೆ ಎಣಿಕೆ ಇಷ್ಟು ಬಿಗಿಯಾಗುತ್ತಲೇ ಇರಲಿಲ್ಲ. ಅರ್ಧದಷ್ಟು ಮತದಾರರು ಗುಲಾಮಗಿರಿ ಇರಲಿ ಎಂದರು ಎನ್ನುವಾಗ ‘ಮತದಾರರು’ ಎಂಬ ಮಾತಿನೊಳಗೆ ಯಾರು ಇರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಮುಂದೇನಾಯಿತು?

ಒಂದು ವಾರದೊಳಗೆ, ನವೆಂಬರ್ 8ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಲಿಂಕನ್ ಮೇರಿಲ್ಯಾಂಡ್‌ನಲ್ಲಿ 40,000ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ನಾಲ್ಕು ವರ್ಷಗಳ ಹಿಂದಿನ 2,294ನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ತಿಂಗಳು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ಬಾಲ್ಟಿಮೋರ್‌ಗೆ ಬಂದು ಮಾತನಾಡಿದರು. ಮೇರಿಲ್ಯಾಂಡ್‌ನಲ್ಲಿ ಗುಲಾಮರಾಗಿ ಹುಟ್ಟಿದ ಅವರು 1838ರಲ್ಲಿ ತಪ್ಪಿಸಿಕೊಂಡು ಓಡಿದ್ದು ಇದೇ ನಗರದಿಂದ.

ಹಳೆಯ ಒಡೆಯರು ಸುಮ್ಮನಿರಲಿಲ್ಲ. ಅನಾಥ ಹಾಗೂ ಬಡ ಮಕ್ಕಳನ್ನು ಕೆಲಸ ಕಲಿಯಲು ಒಪ್ಪಿಸುವ ಹಳೆಯ ಕಾನೂನೊಂದಿತ್ತು. ಬಿಡುಗಡೆಯಾದ ದಿನಗಳಲ್ಲೇ ಕೆಲವು ಕೌಂಟಿಗಳ ನ್ಯಾಯಾಲಯಗಳು ಈ ಕಾನೂನನ್ನು ಬಳಸಿ ಕಪ್ಪು ಮಕ್ಕಳನ್ನು ತಂದೆತಾಯಿಯರ ಇಚ್ಛೆಯನ್ನು ಲೆಕ್ಕಿಸದೆ ಹಿಂದಿನ ಒಡೆಯರಿಗೇ ಬರೆದುಕೊಟ್ಟವು. ಸೇನಾನಿ ಲ್ಯೂ ವಾಲೇಸ್ ನವೆಂಬರ್ 9ರಂದು ಬಿಡುಗಡೆಯಾದವರನ್ನು ಸೇನೆಯ ರಕ್ಷಣೆಗೆ ತೆಗೆದುಕೊಳ್ಳುವ ಆದೇಶ ಹೊರಡಿಸಿದರು. ಹಾಗೆ ಬರೆದುಕೊಟ್ಟ ಮಕ್ಕಳಲ್ಲಿ ಒಬ್ಬಳಾದ ಎಲಿಜಬೆತ್ ಟರ್ನರ್ ಪರವಾಗಿ 1867ರಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಯಾಮನ್ ಚೇಸ್ ತೀರ್ಪು ಕೊಟ್ಟು, ಆ ಒಪ್ಪಂದ ಬಲವಂತದ ದಾಸ್ಯವೇ ಆಗಿದೆ ಎಂದರು. ಟಾನಿ ತೀರಿಕೊಂಡ ಮೇಲೆ ಅವರ ಪೀಠಕ್ಕೆ ಬಂದವರು ಈ ಚೇಸ್.

1864ರ ಸಂವಿಧಾನ ಬಾಳಿದ್ದು ಮೂರೇ ವರ್ಷ. 1867ರಲ್ಲಿ ಅದನ್ನು ಬದಲಿಸಿ ಬಂದ ಸಂವಿಧಾನ ಮತದಾರರ ಪ್ರಮಾಣವಚನವನ್ನು ಕೈಬಿಟ್ಟಿತು. ಗುಲಾಮಗಿರಿಯನ್ನು ಮರಳಿ ತರುವಂತಿಲ್ಲ ಎಂದು ಅದೂ ಹೇಳಿತು, ಆದರೆ ಒಡೆಯರಿಗೆ ಅಮೆರಿಕದ ಸರ್ಕಾರ ಪರಿಹಾರ ಕೊಡಬೇಕು ಎಂಬ ಮಾತನ್ನೂ ಅದೇ ವಿಧಿಯಲ್ಲಿ ಸೇರಿಸಿತು. ಆ ಪರಿಹಾರ ಎಂದೂ ಬರಲಿಲ್ಲ. ಮೇರಿಲ್ಯಾಂಡ್‌ನ ಕಪ್ಪು ಗಂಡಸರಿಗೆ ಮತದ ಹಕ್ಕು ಸಿಕ್ಕಿದ್ದು 1870ರಲ್ಲಿ, ರಾಷ್ಟ್ರದ ಸಂವಿಧಾನದ 15ನೆಯ ತಿದ್ದುಪಡಿಯಿಂದ. ಸಾಕಷ್ಟು ರಾಜ್ಯಗಳು ಒಪ್ಪಿದ್ದರಿಂದ ಅದು ದೇಶಕ್ಕೆಲ್ಲ ಜಾರಿಯಾಯಿತು. ಮೇರಿಲ್ಯಾಂಡ್‌ನ ಶಾಸನಸಭೆ ಅದಕ್ಕೆ ತನ್ನ ಒಪ್ಪಿಗೆಯ ಮುದ್ರೆ ಒತ್ತಿದ್ದು 1973ರಲ್ಲಿ.